ಪೆಟ್ಟಿಗೆಯ ತಳದಲ್ಲಿ ಉಳಿದ ಕಾಮಿಕ್ಸ್: ಗುರುತು ಹಚ್ಚಿ, ದಾಖಲಿಸಿ, ಕಾಪಾಡುವ ಸಮಗ್ರ ಮಾರ್ಗದರ್ಶಿ

ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಸಂಚಿಕೆಗಳನ್ನು ಕಾಪಾಡಲು ಜಗತ್ತಿನ ತುಂಬ ಜನರಿದ್ದಾರೆ. ಎರಡು ವರ್ಷ ನಡೆದು ಮುಚ್ಚಿಹೋದ ಪ್ರಕಾಶನದ ಪ್ರೇಮಕಥೆಗಳು, ಜಾಹೀರಾತಿಗೆಂದು ಪುಕ್ಕಟೆ ಹಂಚಿದ ಹದಿನಾರು ಪುಟದ ಪುಸ್ತಿಕೆ, 1986ರ ಕಪ್ಪು-ಬಿಳುಪು ಕಾಮಿಕ್ಸ್‌ಗಳ ಭರಾಟೆಯಲ್ಲಿ ಮೂರೇ ಸಂಚಿಕೆ ತಂದು ಮಾಯವಾದ ಸಾಹಸಕಥೆ ಇವಕ್ಕೆ ಕೇಳುವವರಿಲ್ಲ. ಬೆಲೆ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಇವನ್ನು ಚೀಲಕ್ಕೆ ಹಾಕಲಿಲ್ಲ, ಪಟ್ಟಿಗೆ ಸೇರಿಸಲಿಲ್ಲ. ಹಾಗಾಗಿ ನಿಮ್ಮ ಪೆಟ್ಟಿಗೆಯಲ್ಲಿರುವ ಹರಕು ಪ್ರತಿಯಲ್ಲಿ ಬೇರೆಲ್ಲೂ ಬರೆದಿಡದ ಮಾಹಿತಿ ಇರುವ ಸಾಧ್ಯತೆ ನಿಜಕ್ಕೂ ಇದೆ.

ಈ ಕೆಲಸಕ್ಕೆ ಒಂದು ಕ್ರಮವಿದೆ: ಮೊದಲು ದಾಖಲೆ, ಆಮೇಲೆ ಶುಚಿ, ಕೊನೆಗೆ ಚೀಲ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಚೆಂದಕ್ಕೆ ಒರೆಸಿ, ಟೇಪು ಹಚ್ಚಿ, ಚೀಲಕ್ಕೆ ತುರುಕುತ್ತಾರೆ. ಅದು ಯಾವ ಸಂಚಿಕೆ ಎಂಬುದು ಮಾತ್ರ ಕೊನೆಗೂ ಗೊತ್ತಾಗುವುದಿಲ್ಲ.

ಮುಟ್ಟುವ ಮೊದಲು

ಬೇಕಾಗುವುದು ಇಷ್ಟೇ: ಬಿಳಿ ಬಟ್ಟೆ ಹಾಸಿದ ಮೇಜು, ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, 10 ಪಟ್ಟು ಹಿಗ್ಗಿಸುವ ಭೂತಗನ್ನಡಿ, ಮೆದು ಕೂದಲಿನ ಅಗಲ ಬ್ರಷ್, ಆಮ್ಲರಹಿತ ಕಾಗದದ ಚೀಟಿಗಳು, ಪೆನ್ಸಿಲ್. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಹತ್ತಿಯ ಕೈಗವಸು ಬೇಡ. ಅದನ್ನು ಹಾಕಿಕೊಂಡರೆ ಹಾಳೆಯ ಅಂಚು ಬೆರಳಿಗೆ ತಿಳಿಯುವುದಿಲ್ಲ, ಒಣಗಿದ ಅಂಚು ನೂಲಿಗೆ ಸಿಕ್ಕಿ ಹರಿಯುತ್ತದೆ. ಬೂಷ್ಟು ಕಂಡರೆ ಮಾತ್ರ ರಬ್ಬರ್ ಕೈಗವಸು ಮತ್ತು ಎನ್95 ಮುಖಗವಸು ಹಾಕಿಕೊಳ್ಳಿ. ಬೂಷ್ಟು ಹಿಡಿದ ಪ್ರತಿಗಳನ್ನು ಬೇರೆ ಕೋಣೆಯಲ್ಲಿಡಿ.

ಕಾಮಿಕ್ಸ್ ಅಚ್ಚಾಗುತ್ತಿದ್ದದ್ದು ನ್ಯೂಸ್‌ಪ್ರಿಂಟಿನಲ್ಲಿ. ಮರದ ತಿರುಳಿನಲ್ಲಿರುವ ಲಿಗ್ನಿನ್ ಬೆಳಕಿಗೆ, ಗಾಳಿಗೆ ಕಂದುಗಟ್ಟುತ್ತದೆ. ಕಾಗದದೊಳಗಿನ ಆಮ್ಲ ನಾರುಗಳನ್ನು ತುಂಡರಿಸುತ್ತದೆ. ಹಾಳೆ ಎಷ್ಟು ಗಟ್ಟಿಯಿದೆ ಎಂದು ನೋಡಲು ಮೂಲೆ ಮಡಚುವ ಅಭ್ಯಾಸ ಬಿಡಿ, ಆ ಮೂಲೆ ಕೈಗೇ ಬರುತ್ತದೆ. ಬಿಳಿ ಬಟ್ಟೆಯ ಮೇಲೆ ಪ್ರತಿಯನ್ನು ಇಟ್ಟು ಎತ್ತಿ ನೋಡಿ. ಕಂದು ಪುಡಿ ಉದುರಿದ್ದರೆ ಅದನ್ನು ಪೂರ್ತಿ ಅಗಲಿಸಿ ತೆರೆಯಬಾರದು. ಎಡಕ್ಕೂ ಬಲಕ್ಕೂ ಮೆತ್ತನೆಯ ಬಟ್ಟೆಯ ಸುರುಳಿ ಇಟ್ಟು, ಅರ್ಧಕ್ಕೆ ಮಾತ್ರ ತೆರೆದು ಓದಿ.

ಹಾಳೆ ಎಣಿಸಿ

ಹಳೆಯ ಕಾಮಿಕ್ಸ್‌ನಲ್ಲಿ ಪುಟಸಂಖ್ಯೆಯನ್ನು ನಂಬುವಂತಿಲ್ಲ. ಪ್ರತಿ ಕಥೆಗೂ ಸಂಖ್ಯೆ ಒಂದರಿಂದ ಶುರುವಾಗುತ್ತದೆ, ಜಾಹೀರಾತಿನ ಪುಟಕ್ಕೆ ಸಂಖ್ಯೆಯೇ ಇರುವುದಿಲ್ಲ. ಆದ್ದರಿಂದ ಹಾಳೆಗಳನ್ನೇ ಎಣಿಸಬೇಕು. ಅಮೆರಿಕದ ಸಾಮಾನ್ಯ ಸಂಚಿಕೆಯೆಂದರೆ ರಕ್ಷಾಪುಟದ ನಾಲ್ಕು ಬದಿ ಸೇರಿ 36 ಪುಟ. 1940ರ ದಶಕದ ಆರಂಭದಲ್ಲಿ 68 ಇರುತ್ತಿತ್ತು, ಮುಂದೆ 52ಕ್ಕೆ, ಆಮೇಲೆ 36ಕ್ಕೆ ಇಳಿಯಿತು.

ಒಳಗಿನ 32 ಪುಟಗಳೆಂದರೆ ನಡುವೆ ಮಡಚಿ ಪಿನ್ ಹೊಡೆದ 8 ಹಾಳೆ. ಒಂದೊಂದು ಹಾಳೆಯಲ್ಲಿ ನಾಲ್ಕು ಪುಟ, ಎರಡು ಮುಂಭಾಗದಲ್ಲಿ, ಎರಡು ಹಿಂಭಾಗದಲ್ಲಿ. ಹೊರಗಿನಿಂದ ಮೂರನೆಯ ಹಾಳೆಯಲ್ಲಿ 5, 6, 27, 28ನೇ ಪುಟಗಳಿರುತ್ತವೆ. 5 ಮತ್ತು 28 ಕೂಡಿದರೆ 33, 6 ಮತ್ತು 27 ಕೂಡಿದರೂ 33. ಒಂದು ಪುಟ ಕಾಣೆಯಾದರೆ 33ರಿಂದ ಅದರ ಸಂಖ್ಯೆಯನ್ನು ಕಳೆಯಿರಿ. ಅದರ ಜೋಡಿ ಎಲ್ಲಿದೆ ಎಂದು ತಿಳಿಯುತ್ತದೆ, ಆ ಜೋಡಿಯೂ ಬೆನ್ನಿನಲ್ಲಿ ಸಡಿಲವಾಗಿರುತ್ತದೆ. ಪಿನ್ನಿನಿಂದ ಮೊದಲು ಕಳಚುವುದು ನಡುಹಾಳೆ. ಅದು 15ರಿಂದ 18ನೇ ಪುಟ. ಎರಡು ಕಥೆಗಳ ನಡುವೆ ಜಾಹೀರಾತಿದ್ದರೆ ನಡುಹಾಳೆ ಹೋದದ್ದು ಓದುವಾಗ ಗೊತ್ತೇ ಆಗುವುದಿಲ್ಲ, ಎಣಿಸಿದಾಗಲೇ ಸಿಗುವುದು.

ಕತ್ತರಿ ಆಡಿದ ಗುರುತನ್ನೂ ಹುಡುಕಿ. ಜಾಹೀರಾತಿನ ಕೂಪನ್ ಕತ್ತರಿಸಿದ್ದರೆ ಅದರ ಹಿಂದಿನ ಪುಟದ ಚಿತ್ರವೂ ಹೋಗಿರುತ್ತದೆ. 1974ರಿಂದ ಮಾರ್ವೆಲ್ ಸಂಚಿಕೆಗಳ ಓದುಗರ ಪತ್ರದ ಪುಟದಲ್ಲಿ ಕತ್ತರಿಸಿ ಅಂಟಿಸುವ ಸ್ಟಾಂಪುಗಳು ಬರುತ್ತಿದ್ದವು. ಆ ಕಾಲದ ಪ್ರತಿಗಳಲ್ಲಿ ಆ ಪುಟವನ್ನು ಬೆಳಕಿಗೆ ಹಿಡಿದು ನೋಡದೆ 'ಪೂರ್ಣ' ಎಂದು ಬರೆಯಬೇಡಿ.

ಸಣ್ಣಕ್ಷರ ಓದಿ

ಮುಖಪುಟದ ದೊಡ್ಡಕ್ಷರ ಮಾರಾಟಕ್ಕೆ, ಒಳಗಿನ ಸಣ್ಣಕ್ಷರ ದಾಖಲೆಗೆ. ಮೊದಲ ಪುಟದ ಬುಡದಲ್ಲೋ ಮುಖಪುಟದ ಒಳಬದಿಯಲ್ಲೋ ಇರುವೆಸಾಲಿನಂತೆ ಅಚ್ಚಾಗಿರುವ ಪ್ರಕಟಣೆ ವಿವರಕ್ಕೆ ಸಂಗ್ರಾಹಕರು ಇಂಡಿಶಿಯಾ ಎನ್ನುತ್ತಾರೆ. ಪತ್ರಿಕೆಯ ಅಧಿಕೃತ ಹೆಸರು, ಸಂಪುಟ, ಸಂಚಿಕೆಯ ಸಂಖ್ಯೆ, ತಿಂಗಳು, ಪ್ರಕಾಶಕರ ಕಾನೂನುಬದ್ಧ ಹೆಸರು, ಹಕ್ಕುಸ್ವಾಮ್ಯದ ವರ್ಷ ಅಲ್ಲಿರುತ್ತವೆ. ಮುಖಪುಟದ ಹೆಸರಿಗೂ ಇದಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಬರೆದುಕೊಳ್ಳಿ, ಪಟ್ಟಿಯಲ್ಲಿ ಇಂಡಿಶಿಯಾದ ಹೆಸರಿಗೇ ಮೊದಲ ಸ್ಥಾನ ಕೊಡಿ. ಒಂದೇ ಮಾಲೀಕರು ಹಲವು ಕಂಪನಿಗಳ ಹೆಸರಿನಲ್ಲಿ ಪ್ರಕಟಿಸುವುದು ಆಗ ಮಾಮೂಲಿಯಾಗಿತ್ತು. ಮುಖಪುಟದ ಲಾಂಛನಕ್ಕಿಂತ ಈ ಸಾಲೇ ಹೆಚ್ಚು ಹೇಳುತ್ತದೆ.

ತಿಂಗಳಿನ ಬಗ್ಗೆ ಒಂದು ಎಚ್ಚರ. ಮುಖಪುಟದ ತಿಂಗಳು ಮಾರಾಟಕ್ಕೆ ಬಂದ ತಿಂಗಳಲ್ಲ. ಅಂಗಡಿಯಲ್ಲಿ ಹೆಚ್ಚು ದಿನ ಉಳಿಯಲಿ ಎಂದು ಎರಡು-ಮೂರು ತಿಂಗಳು ಮುಂದಿನ ದಿನಾಂಕ ಹಾಕುತ್ತಿದ್ದರು. 'ಮಾರ್ಚ್ 1955' ಎಂದಿರುವ ಸಂಚಿಕೆ ಬಂದದ್ದು 1954ರ ಕೊನೆಗೋ 1955ರ ಆರಂಭಕ್ಕೋ ಎಂದಿಟ್ಟುಕೊಳ್ಳಿ.

ಸಂಚಿಕೆಯ ಸಂಖ್ಯೆಯಂತೂ ಅನುಭವಿಗಳನ್ನೂ ಎಡವಿಸುತ್ತದೆ. ಅಮೆರಿಕದಲ್ಲಿ ಹೊಸ ಪತ್ರಿಕೆ ಶುರುಮಾಡಿದರೆ ಅಂಚೆಯ ರಿಯಾಯಿತಿ ದರಕ್ಕೆ ಹೊಸದಾಗಿ ಪರವಾನಗಿ ಪಡೆದು ಶುಲ್ಕ ಕಟ್ಟಬೇಕಿತ್ತು. ಅದನ್ನು ಉಳಿಸಲು ಪ್ರಕಾಶಕರು ನಿಂತುಹೋದ ಪತ್ರಿಕೆಯ ಸಂಖ್ಯೆಯನ್ನೇ ಹೊಸ ಹೆಸರಿನಲ್ಲಿ ಮುಂದುವರಿಸುತ್ತಿದ್ದರು. ಇಸಿ ಪ್ರಕಾಶನದ ಪ್ರೇಮಕಥೆಗಳ ಪತ್ರಿಕೆ 'ಎ ಮೂನ್, ಎ ಗರ್ಲ್... ರೊಮಾನ್ಸ್' 12ನೇ ಸಂಚಿಕೆಗೆ ನಿಂತಿತು. 1950ರಲ್ಲಿ ಅದರ ಜಾಗಕ್ಕೆ ಬಂದ ವಿಜ್ಞಾನಕಥೆಗಳ 'ವಿಯರ್ಡ್ ಫ್ಯಾಂಟಸಿ' ಶುರುವಾದದ್ದೇ 13ರಿಂದ. 17ರವರೆಗೆ ಹೋಗಿ, 1951ರಲ್ಲಿ ಮತ್ತೆ 6ಕ್ಕೆ ಇಳಿದು, ಅಲ್ಲಿಂದ 22ರವರೆಗೆ ನಡೆಯಿತು. ಅಂದರೆ ಆ ಹೆಸರಿನಲ್ಲಿ 13ರಿಂದ 17ರವರೆಗಿನ ಸಂಚಿಕೆಗಳು ಎರಡೆರಡು ಇವೆ. 'ವಿಯರ್ಡ್ ಫ್ಯಾಂಟಸಿ 13' ಎಂದಷ್ಟೇ ಬರೆದರೆ ಯಾವುದೆಂದು ಯಾರಿಗೂ ತಿಳಿಯದು, ವರ್ಷ ಸೇರಿಸಲೇಬೇಕು. ಇದೇ ಕಾರಣಕ್ಕೆ ನಿಮ್ಮ ಬಳಿ 9ನೇ ಸಂಚಿಕೆ ಇದೆ, ಮೊದಲ ಎಂಟು ಎಲ್ಲಿಯೂ ಸಿಗುತ್ತಿಲ್ಲ ಎಂದಾದರೆ, ಅವು ಬೇರೆ ಹೆಸರಿನಲ್ಲಿ ಬಂದಿರಬಹುದು, ಬಂದೇ ಇಲ್ಲದಿರಲೂಬಹುದು.

ದಿನಾಂಕವೇ ಇಲ್ಲದಿದ್ದರೆ

ಒಂದೇ ಸುಳಿವಿಗೆ ಜೋತುಬೀಳದೆ ಮೂರು-ನಾಲ್ಕನ್ನು ಒಟ್ಟಿಗಿಟ್ಟು ನೋಡಿ.

ಬೆಲೆ: ಅಮೆರಿಕದ ಸಾಮಾನ್ಯ ಸಂಚಿಕೆ 1961ರವರೆಗೂ 10 ಸೆಂಟ್. 1962ರ ಹೊತ್ತಿಗೆ 12, 1969ರಲ್ಲಿ 15, 1970ರ ದಶಕದಲ್ಲಿ 20, 25, 30, 35 ಎಂದು ಏರುತ್ತ ಹೋಯಿತು. ಡೆಲ್ ಪ್ರಕಾಶನ 1961ರಲ್ಲೇ 15 ಸೆಂಟ್ ಮಾಡಿತ್ತು, ಹಾಗಾಗಿ ಪ್ರಕಾಶಕರನ್ನು ನೋಡದೆ ಬೆಲೆಯಿಂದ ಮಾತ್ರ ವರ್ಷ ಹೇಳಬಾರದು.

ಮುದ್ರೆ: ಪ್ರಕಾಶಕರೇ ಕಟ್ಟಿಕೊಂಡ ಪರಿಶೀಲನಾ ಸಂಸ್ಥೆಯಾದ ಕಾಮಿಕ್ಸ್ ಕೋಡ್ ಪ್ರಾಧಿಕಾರದ ಅಂಚೆಚೀಟಿ ಆಕಾರದ ಮುದ್ರೆ ಮುಖಪುಟಗಳಿಗೆ ಬಂದದ್ದು 1955ರ ಆರಂಭದ ಸಂಚಿಕೆಗಳಿಂದ. ಆದರೆ ಮುದ್ರೆ ಇಲ್ಲವೆಂದ ಮಾತ್ರಕ್ಕೆ ಅದಕ್ಕಿಂತ ಹಳೆಯದು ಎನ್ನಲಾಗದು. ಡೆಲ್ ಮತ್ತು ಗೋಲ್ಡ್ ಕೀ ಅದನ್ನು ಹಾಕಲೇ ಇಲ್ಲ.

ಸಂಕೇತ ಸಂಖ್ಯೆ: ಗೋಲ್ಡ್ ಕೀ ಮುಖಪುಟದಲ್ಲಿ ಅಡ್ಡಗೆರೆಯ ನಂತರದ ಮೂರು ಅಂಕೆ ನೋಡಿ. 802 ಎಂದಿದ್ದರೆ 8 ವರ್ಷದ ಕೊನೆಯ ಅಂಕೆ, 02 ಫೆಬ್ರವರಿ. ಅದು 1968ರದೋ 1978ರದೋ ಎಂಬುದನ್ನು ಬೆಲೆ ಹೇಳುತ್ತದೆ. 12 ಸೆಂಟ್ ಇದ್ದರೆ 1968.

ಬಾರ್‌ಕೋಡ್: ಅಮೆರಿಕದ ಕಾಮಿಕ್ಸ್‌ನಲ್ಲಿ 1976ರ ಸುಮಾರಿಗೆ ಬಂತು.

ಅಗಲ: 1940ರ ದಶಕದವು ಸುಮಾರು ಏಳೂವರೆಯಿಂದ ಏಳೂಮುಕ್ಕಾಲು ಇಂಚು, 1960ರ ದಶಕದವು ಏಳರ ಆಸುಪಾಸು, ಈಚಿನವು ಆರೂವರೆಗಿಂತ ತುಸು ಹೆಚ್ಚು. ಇದ್ದಿರಬೇಕಾದುದಕ್ಕಿಂತ ಮೂರ್ನಾಲ್ಕು ಮಿಲಿಮೀಟರ್ ಕಡಿಮೆಯಿದ್ದು ಅಂಚು ಮಾತ್ರ ಹೊಸದರಂತೆ ಚೊಕ್ಕವಾಗಿದ್ದರೆ ಯಾರೋ ಸವೆದ ಅಂಚನ್ನು ಕತ್ತರಿಸಿರುವ ಅನುಮಾನ ಇಟ್ಟುಕೊಳ್ಳಿ.

ಮಾಲೀಕತ್ವದ ಹೇಳಿಕೆ: ಅಂಚೆ ನಿಯಮದಂತೆ ವರ್ಷಕ್ಕೊಮ್ಮೆ ಅಚ್ಚುಹಾಕಬೇಕಿದ್ದ ಈ ಪುಟ್ಟ ಪೆಟ್ಟಿಗೆಯಲ್ಲಿ ಸಂಪಾದಕರ, ಮಾಲೀಕರ ಹೆಸರು, 1960ರಿಂದೀಚೆಗೆ ಪ್ರಸಾರದ ಸರಾಸರಿ ಸಂಖ್ಯೆಯೂ ಸಿಗುತ್ತದೆ. ಮರೆತುಹೋದ ಪ್ರಕಾಶನದ ಬಗ್ಗೆ ಇದಕ್ಕಿಂತ ಗಟ್ಟಿ ದಾಖಲೆ ಅಪರೂಪ. ಎಲ್ಲರೂ ಮಗುಚಿಹಾಕುವ ಪುಟ ಇದೇ, ದಯವಿಟ್ಟು ಇದನ್ನು ಪೂರ್ತಿ ನಕಲು ಮಾಡಿಕೊಳ್ಳಿ.

ಒಳಗೆ ಬಣ್ಣವಿಲ್ಲ, ಕಾಲ 1940ರ ದಶಕದ ಮೊದಲರ್ಧ ಎನಿಸುತ್ತದೆ ಎಂದರೆ ಕೆನಡಾದ ಪ್ರಕಾಶಕರ ಹೆಸರಿದೆಯೇ ನೋಡಿ. 1940ರ ಡಿಸೆಂಬರಿನಲ್ಲಿ ಕೆನಡಾ ಅಮೆರಿಕದ ಕಾಮಿಕ್ಸ್ ಆಮದನ್ನು ನಿಲ್ಲಿಸಿದ ಮೇಲೆ ಬೆಲ್ ಫೀಚರ್ಸ್, ಮೇಪಲ್ ಲೀಫ್, ಆ್ಯಂಗ್ಲೊ-ಅಮೆರಿಕನ್ ಮುಂತಾದವರು ತಮ್ಮದೇ ಕಥೆಗಳನ್ನು ತಂದರು. ಬಣ್ಣದ ಮುಖಪುಟ, ಒಳಗೆ ಕಪ್ಪು-ಬಿಳುಪು. ಇವು ಬಹಳ ಕಡಿಮೆ ಉಳಿದಿವೆ.

ಮರುಮುದ್ರಣದ ಬಲೆ

1958ರಿಂದ 1964ರವರೆಗೆ ಐ.ಡಬ್ಲ್ಯೂ. ಪಬ್ಲಿಷಿಂಗ್ ಮತ್ತು ಸೂಪರ್ ಕಾಮಿಕ್ಸ್ ಹೆಸರಿನಲ್ಲಿ ಬಂದ ಸಂಚಿಕೆಗಳು ಹಳೆಯ, ಮುಚ್ಚಿಹೋದ ಪ್ರಕಾಶಕರ ಕಥೆಗಳಿಗೆ ಹೊಸ ಮುಖಪುಟ ತೊಡಿಸಿದವು. ದಿನಾಂಕವಿಲ್ಲ, ಸಂಖ್ಯೆಗೆ ತಲೆಬುಡವಿಲ್ಲ. ಒಳಗಿನ ಉಡುಪು, ಕಾರು, ಯುದ್ಧದ ಮಾತು 1940ರ ದಶಕದವು, ಮುಖಪುಟದ ಚಿತ್ರ ಮಾತ್ರ 1960ರ ದಶಕದ್ದು ಎಂದು ಕಂಡರೆ ಇದೇ ಇರಬಹುದು. ಅಗಲವನ್ನೂ ಅಳೆಯಿರಿ. ಮರುಮುದ್ರಣವೆಂದು ಕಡೆಗಣಿಸಬೇಡಿ, ಮೂಲ ಸಂಚಿಕೆ ಕೈಗೆ ಸಿಗದ ಕಥೆಗಳು ಎಷ್ಟೋ ಬಾರಿ ಓದಲು ಸಿಗುವುದು ಇವುಗಳಲ್ಲೇ. ದಾಖಲೆಯಲ್ಲಿ 'ಕಥೆ ಇದಕ್ಕಿಂತ ಹಳೆಯದು' ಎಂದು ಸೇರಿಸಿ.

ಮುಖಪುಟವಿಲ್ಲದ ಪ್ರತಿ

ಮಾರಾಟವಾಗದ ಪ್ರತಿಗಳ ಮುಖಪುಟವನ್ನೋ ಅದರ ಮೇಲಿನ ಹೆಸರಿನ ಪಟ್ಟಿಯನ್ನೋ ಹರಿದು ಕಳಿಸಿದರೆ ವ್ಯಾಪಾರಿಗೆ ಹಣ ವಾಪಸು ಬರುತ್ತಿತ್ತು. ಉಳಿದ ಮೈಯನ್ನು ನಾಶಮಾಡಬೇಕಿತ್ತು, ಆದರೆ ಬಹಳಷ್ಟು ಅಗ್ಗಕ್ಕೆ ಮಾರಾಟವಾದವು. ನಿಮ್ಮ ಬೆತ್ತಲೆ ಪ್ರತಿಗಳು ಹೀಗೂ ಬಂದಿರಬಹುದು. ಇಂಡಿಶಿಯಾ ಮುಖಪುಟದ ಒಳಬದಿಯಲ್ಲಿದ್ದರೆ ಅದೂ ಹೋಯಿತು.

ಆಗ ಮೊದಲ ಕಥೆಯ ದೊಡ್ಡ ಚಿತ್ರವಿರುವ ಆರಂಭದ ಪುಟಕ್ಕೆ ಹೋಗಿ. ಕಥೆಯ ಹೆಸರು, ನಾಯಕನ ಹೆಸರು, ಪುಟಗಳೆಷ್ಟು ಎಂದು ಬರೆದುಕೊಳ್ಳಿ. ಎಲ್ಲ ಕಥೆಗಳಿಗೂ ಹೀಗೆ ಮಾಡಿ. 1994ರಿಂದ ಸ್ವಯಂಸೇವಕರು ಕಟ್ಟುತ್ತಿರುವ ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್‌ನಲ್ಲಿ ಕಥೆಯ ಹೆಸರಿನಿಂದಲೂ ಪಾತ್ರದ ಹೆಸರಿನಿಂದಲೂ ಹುಡುಕಬಹುದು. ಒಂದು ಕಥೆ ಹೊಂದಿದರೆ ಸಾಲದು, ಅದು ಮರುಮುದ್ರಣಗೊಂಡಿರಬಹುದು. ಎರಡು ಕಥೆ ಮತ್ತು ಒಂದು ಜಾಹೀರಾತು ಅದೇ ಕ್ರಮದಲ್ಲಿ ಹೊಂದಿದರೆ ಮಾತ್ರ ಗುರುತು ಖಚಿತ. ಎಲ್ಲೂ ಸಿಗದಿದ್ದರೆ ಜಾಹೀರಾತಿನ ಸ್ಪರ್ಧೆಯ ಕೊನೆಯ ದಿನಾಂಕ, ಪತ್ರದ ಅಂಕಣದಲ್ಲಿ ಓದುಗರು ಹೆಸರಿಸಿದ ಹಿಂದಿನ ಸಂಚಿಕೆ, 'ಈಗ ಮಾರಾಟದಲ್ಲಿ' ಎಂದು ತೋರಿಸಿದ ಸೋದರ ಪತ್ರಿಕೆಯ ಮುಖಪುಟ ಇವೆಲ್ಲ ಕಾಲವನ್ನು ತಿಂಗಳ ಮಟ್ಟಕ್ಕೆ ಇಳಿಸುತ್ತವೆ.

ಬರೆದವರು, ಬಿಡಿಸಿದವರು

1940–50ರ ದಶಕದ ಬಹುಪಾಲು ಕಥೆಗಳಲ್ಲಿ ಹೆಸರಿಲ್ಲ. ಭೂತಗನ್ನಡಿ ಹಿಡಿದು ಮೊದಲ ಪುಟದ ಮೂಲೆ, ಅಂಗಡಿಯ ಫಲಕ, ಪೆಟ್ಟಿಗೆಯ ಮೇಲಿನ ಬರಹ, ಹುಲ್ಲಿನ ಗೆರೆಗಳ ನಡುವೆ ಹುಡುಕಿ. ಸಹಿ ಹಾಕಬಾರದೆಂದರೂ ಚಿತ್ರಕಾರರು ಅಲ್ಲೆಲ್ಲ ಅಕ್ಷರ ಅಡಗಿಸುತ್ತಿದ್ದರು. ಶೈಲಿಯಿಂದ ಗುರುತಿಸುವುದಾದರೆ ನಾಯಕನ ಮುಖ ಬಿಟ್ಟುಬಿಡಿ, ಅದು ಪ್ರಕಾಶಕರು ಹೇಳಿದಂತೆ ಇರುತ್ತದೆ. ಕಿವಿ, ಕೈಬೆರಳು, ಬಟ್ಟೆಯ ನೆರಿಗೆ, ಹಿನ್ನೆಲೆಯ ಮರಗಳನ್ನು ನೋಡಿ. ಕೈ ಅಲ್ಲಿ ಅಭ್ಯಾಸಬಲದಿಂದ ಓಡುತ್ತದೆ. ಒಬ್ಬರು ಪೆನ್ಸಿಲಿನಲ್ಲಿ ಬಿಡಿಸಿ ಇನ್ನೊಬ್ಬರು ಮಸಿ ತುಂಬಿದ್ದರೆ ನೆರಿಗೆ ಮಸಿಯವರದು, ಭಂಗಿ ಪೆನ್ಸಿಲಿನವರದು. ಊಹೆಯ ಮುಂದೆ ತಪ್ಪದೆ ಪ್ರಶ್ನೆಚಿಹ್ನೆ ಹಾಕಿ. ಒಬ್ಬರ ಊಹೆ ಮತ್ತೊಬ್ಬರ ಪಟ್ಟಿಯಲ್ಲಿ ಸತ್ಯವಾಗಿಬಿಡುವುದು ಈ ಕ್ಷೇತ್ರದ ಹಳೆಯ ರೋಗ.

ದಾಖಲೆಯ ಸಾಲು

ಒಂದು ಸ್ಪ್ರೆಡ್‌ಶೀಟ್ ಸಾಕು. ಪ್ರತಿ ಪ್ರತಿಗೂ ನಿಮ್ಮದೇ ಕ್ರಮಸಂಖ್ಯೆ, ಇಂಡಿಶಿಯಾದ ಹೆಸರು, ಮುಖಪುಟದ ಹೆಸರು, ಸಂಚಿಕೆ, ವರ್ಷ-ತಿಂಗಳು, ಪ್ರಕಾಶಕರು, ದೇಶ, ಭಾಷೆ, ಬೆಲೆ, ಅಳತೆ, ಹಾಳೆಗಳ ಸಂಖ್ಯೆ, ಕಾಣೆಯಾದ ಪುಟಗಳು, ಕಥೆಗಳ ಪಟ್ಟಿ, ಗುರುತು ಹಚ್ಚಿದ್ದು ಯಾವ ಆಧಾರದಿಂದ, ಯಾವ ಪೆಟ್ಟಿಗೆ. 'ಆಧಾರ' ಎಂಬ ಕಾಲಂ ಬಿಡಬೇಡಿ. ಹತ್ತು ವರ್ಷದ ನಂತರ ತಪ್ಪು ತಿದ್ದಲು ದಾರಿ ಅದೊಂದೇ. ಕ್ರಮಸಂಖ್ಯೆಯನ್ನು ಪೆನ್ಸಿಲಿನಲ್ಲಿ ಆಮ್ಲರಹಿತ ಚೀಟಿಯ ಮೇಲೆ ಬರೆದು ಜೊತೆಗಿಡಿ, ಕಾಮಿಕ್ಸ್ ಮೇಲೆ ಏನನ್ನೂ ಬರೆಯಬೇಡಿ. ಹಳೆಯ ಓದುಗರ ಹೆಸರು, ಅಂಗಡಿಯ ಮೊಹರು, ಮುಖಪುಟದ ಮೇಲೆ ಪೆನ್ಸಿಲಿನ ದಿನಾಂಕ ಇದ್ದರೆ ಅಳಿಸಬೇಡಿ. ಆ ಪೆನ್ಸಿಲಿನ ದಿನಾಂಕ ಸಾಮಾನ್ಯವಾಗಿ ಅಂಗಡಿಗೆ ಬಂದ ದಿನ.

ಡೇಟಾಬೇಸ್‌ನಲ್ಲಿ ಇಲ್ಲದ ಸಂಚಿಕೆ ನಿಮ್ಮಲ್ಲಿದ್ದರೆ, ಅಥವಾ ಇದ್ದೂ ಕಥೆಗಳ ವಿವರ ಖಾಲಿಯಿದ್ದರೆ ತುಂಬಿ ಕಳಿಸಿ. ಸಂಪಾದಕರು ಪರಿಶೀಲಿಸಿ ಸೇರಿಸುತ್ತಾರೆ.

ಶುಚಿ, ದುರಸ್ತಿ

ಒಣ ಬ್ರಷ್ಷಿನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಒಂದೇ ದಿಕ್ಕಿಗೆ ಗುಡಿಸುವುದಷ್ಟೇ ಮನೆಯಲ್ಲಿ ಮಾಡಬೇಕಾದ ಶುಚಿ. ನೀರು, ಸ್ಪಿರಿಟ್, ರಬ್ಬರ್ ಬೇಡ.

ಪಾರದರ್ಶಕ ಟೇಪನ್ನು ಯಾವ ಕಾರಣಕ್ಕೂ ಹಚ್ಚಬೇಡಿ. ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಪ್ಲಾಸ್ಟಿಕ್ ಒಣಗಿ ಉದುರಿದರೂ ಕಂದು ಕಲೆ ಉಳಿಯುತ್ತದೆ. ಹಳೆಯ ಟೇಪನ್ನು ಎಳೆದು ಕೀಳಲೂಬೇಡಿ, ಮೇಲ್ಪದರದ ಬಣ್ಣ ಅದರೊಂದಿಗೇ ಬರುತ್ತದೆ. ಹರಿದ ಹಾಳೆಯನ್ನು ಸೇರಿಸಲೇಬೇಕಿದ್ದರೆ ಜಪಾನಿ ತೆಳುಕಾಗದದ ಪಟ್ಟಿಗೆ ಗೋಧಿಗಂಜಿಯ ಅಂಟನ್ನು ತೆಳ್ಳಗೆ ಸವರಿ, ನೀರಿನ ಅಂಶವನ್ನು ಒತ್ತುಕಾಗದಕ್ಕೆ ಹೀರಿಸಿ, ಆಮೇಲೆ ಹಚ್ಚಿ ಭಾರವಿಡಿ. ಇದನ್ನು ಮುಂದೆ ತೇವದಿಂದ ಬಿಡಿಸಬಹುದು. ಮೊದಲು ಯಾವುದಾದರೂ ಬೇಡದ ನ್ಯೂಸ್‌ಪ್ರಿಂಟ್ ತುಂಡಿನ ಮೇಲೆ ಹತ್ತು ಸಲ ಅಭ್ಯಾಸ ಮಾಡಿ. ಅಂಟು ನೀರಾದರೆ ಕಲೆಯ ಅಲೆ ಮೂಡುತ್ತದೆ.

ಪಿನ್ ತುಕ್ಕು ಹಿಡಿದಿದ್ದರೆ ಹೆಚ್ಚಿನ ಸಲ ಹಾಗೇ ಬಿಡುವುದೇ ಸರಿ. ತೇವ ಇಳಿಸಿದರೆ ತುಕ್ಕು ಹೆಚ್ಚುವುದಿಲ್ಲ. ಹುಳದ ಕಾಟವಿದ್ದರೆ ಪ್ರತಿಗಳನ್ನು ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಕಾಯಿರಿ. ಅವಸರಪಟ್ಟು ಬಿಚ್ಚಿದರೆ ಗಾಳಿಯ ತೇವ ತಣ್ಣನೆಯ ಕಾಗದದ ಮೇಲೆ ಹನಿಗಟ್ಟುತ್ತದೆ. ಮುಗ್ಗಲು ವಾಸನೆಗೆ, ಮುಚ್ಚಳವಿರುವ ಡಬ್ಬದಲ್ಲಿ ತಳಕ್ಕೆ ಸಕ್ರಿಯ ಇದ್ದಿಲು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಕಾಮಿಕ್ಸ್ ನಿಲ್ಲಿಸಿ ಎರಡು-ಮೂರು ವಾರ ಬಿಡಿ.

ಚೀಲ, ರಟ್ಟು, ಪೆಟ್ಟಿಗೆ

ಪಿವಿಸಿ ಚೀಲ ಬೇಡ; ಅದರಿಂದ ಜಿನುಗುವ ಮೃದುಕಾರಕಕ್ಕೆ ಶಾಯಿ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಆಗಬಹುದು, ಐದಾರು ವರ್ಷಕ್ಕೊಮ್ಮೆ ಬದಲಿಸಬೇಕು. ಪುಡಿ ಉದುರುವ ಪ್ರತಿಗಳಿಗೆ ಮೈಲಾರ್ ಎಂದು ಕರೆಯುವ ಪಾಲಿಯೆಸ್ಟರ್ ಹಾಳೆಯ ಚೀಲವೇ ಸರಿ. ರಟ್ಟು ತಿರುಳಿನವರೆಗೂ ಆಮ್ಲರಹಿತವಾಗಿರಬೇಕು, ಮೇಲೆ ಮಾತ್ರ ಲೇಪವಿದ್ದರೆ ಒಳಗಿನ ಆಮ್ಲ ಕಾಲಕ್ರಮೇಣ ಹೊರಬರುತ್ತದೆ. ಚೀಲದ ಅಗಲ ಕಾಮಿಕ್ಸ್‌ಗಿಂತ ಕಾಲು ಇಂಚು ಹೆಚ್ಚಿರಲಿ. ಬಿಗಿಯಾದರೆ ಹಾಕುವಾಗಲೇ ಬೆನ್ನು ಬಿರಿಯುತ್ತದೆ. ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಓರೆಯಾಗದಷ್ಟು ತುಂಬಿ; ಎರಡು ಬೆರಳು ತೂರಿಸುವಷ್ಟು ಜಾಗ ಉಳಿಯಲಿ. ಕೋಣೆಯ ಉಷ್ಣತೆ 18ರಿಂದ 21 ಡಿಗ್ರಿ, ತೇವಾಂಶ ಶೇ. 40ರಿಂದ 50 ಇದ್ದರೆ ಒಳ್ಳೆಯದು. ಶೇ. 65 ದಾಟಿದರೆ ಬೂಷ್ಟು ಬರುತ್ತದೆ. ಏರಿಳಿತವೇ ಹೆಚ್ಚು ಹಾನಿಕರ. ನೆಲದಿಂದ ಒಂದು ಗೇಣು ಎತ್ತರಿಸಿಡಿ.

ಸ್ಕ್ಯಾನ್

ಮೂಲ ಪ್ರತಿಗೆ 600 ಡಿಪಿಐ, ಟಿಫ್ ಕಡತ. 7 ಇಂಚು ಅಗಲ, 10.25 ಇಂಚು ಎತ್ತರದ ಪುಟ ಆಗ 4200 ಗುಣಿಸು 6150 ಪಿಕ್ಸೆಲ್, ಸುಮಾರು 77 ಎಂಬಿ. 36 ಪುಟಕ್ಕೆ ಹತ್ತಿರ ಹತ್ತಿರ 2.8 ಜಿಬಿ. ಜಾಗವಿಲ್ಲದಿದ್ದರೆ 300 ಡಿಪಿಐ, ಆಗ 700 ಎಂಬಿ ಸಾಕು. ಪುಟದ ಹಿಂದೆ ಕಪ್ಪು ಕಾಗದವಿಡಿ, ಇಲ್ಲವಾದರೆ ಹಿಂಬದಿಯ ಚಿತ್ರ ಮಸುಕಾಗಿ ಮುಂದೆ ಕಾಣುತ್ತದೆ. ಬಣ್ಣದ ಚುಕ್ಕಿಗಳನ್ನು ಮಸುಕುಮಾಡುವ ಸ್ವಯಂಚಾಲಿತ ಆಯ್ಕೆಯನ್ನು ಆಫ್ ಮಾಡಿ. ಆ ಚುಕ್ಕಿಗಳು ಮುದ್ರಣದ ಸಾಕ್ಷಿ, ಕೊಳೆಯಲ್ಲ. ಹಳದಿಗಟ್ಟಿದ ಕಾಗದವನ್ನು ಬೆಳ್ಳಗೆ ಮಾಡುವುದಿದ್ದರೆ ಓದುವ ನಕಲಿನಲ್ಲಿ ಮಾಡಿ. ಜಾಹೀರಾತು, ಹಿಂಬದಿ, ಒಳಮುಖಪುಟ ಯಾವುದನ್ನೂ ಬಿಡದೆ 001, 002 ಎಂದು ಹೆಸರಿಟ್ಟು, ಜಿಪ್ ಮಾಡಿ, ವಿಸ್ತರಣೆಯನ್ನು ಸಿಬಿಝಡ್ ಎಂದು ಬದಲಿಸಿದರೆ ಓದುವ ನಕಲು ಸಿದ್ಧ. ಬೆನ್ನು ಗಟ್ಟಿಯಿಲ್ಲದ ಪ್ರತಿಯನ್ನು ಸ್ಕ್ಯಾನರ್ ಗಾಜಿಗೆ ಒತ್ತಬೇಡಿ. ಮೇಲಿನಿಂದ ಕ್ಯಾಮೆರಾದಲ್ಲಿ ಚಿತ್ರ ತೆಗೆಯಿರಿ, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಬೆಳಕು ಬರಲಿ.

ಹಂಚುವ ಮೊದಲು ಹಕ್ಕು ನೋಡಿ. ಅಮೆರಿಕದಲ್ಲಿ 1964ಕ್ಕಿಂತ ಮೊದಲು ಪ್ರಕಟವಾದವುಗಳ ಹಕ್ಕನ್ನು 28ನೇ ವರ್ಷದಲ್ಲಿ ನವೀಕರಿಸಬೇಕಿತ್ತು. ಬಾಗಿಲು ಹಾಕಿದ ಎಷ್ಟೋ ಪ್ರಕಾಶಕರ ಪರವಾಗಿ ಅದನ್ನು ಮಾಡುವವರು ಇರಲಿಲ್ಲ, ಹಾಗಾಗಿ ಆ ಸಂಚಿಕೆಗಳು ಅಲ್ಲಿ ಸಾರ್ವಜನಿಕ ಸ್ವತ್ತಾಗಿವೆ. ಡಿಜಿಟಲ್ ಕಾಮಿಕ್ ಮ್ಯೂಸಿಯಂ ಇಂಥವನ್ನೇ ಇಡುತ್ತದೆ. ಅಲ್ಲಿ ಇಲ್ಲದ ಸಂಚಿಕೆಯ ಸ್ಕ್ಯಾನಿಗೆ ಬೆಲೆಯಿದೆ. 1964ರಿಂದೀಚಿನವುಗಳಿಗೆ ಈ ಲೆಕ್ಕ ನಡೆಯದು, ಬೇರೆ ದೇಶಗಳ ನಿಯಮವೂ ಬೇರೆ.

ಪೆಟ್ಟಿಗೆಯ ಮುಚ್ಚಳದ ಒಳಗೆ

ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಒಂದು ಹಾಳೆ ಸೇರಿಸಿ. ಅದರಲ್ಲಿ ಇರುವ ಪ್ರತಿಗಳ ಕ್ರಮಸಂಖ್ಯೆ, ಸ್ಪ್ರೆಡ್‌ಶೀಟ್ ಮತ್ತು ಸ್ಕ್ಯಾನ್‌ಗಳು ಇರುವ ಜಾಗ, 'ಹರಿದಿದ್ದರೂ ಎಸೆಯಬೇಡಿ' ಎಂದು ಗುರುತು ಮಾಡಿದ ಸಂಚಿಕೆಗಳು, ಯಾರಿಗೆ ಕೊಡಬಹುದು ಎಂಬ ವಿವರ ಇರಲಿ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಗ್ರಂಥಾಲಯ, ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಬಿಲ್ಲಿ ಐರ್ಲೆಂಡ್ ಕಾರ್ಟೂನ್ ಗ್ರಂಥಾಲಯಗಳಲ್ಲಿ ಕಾಮಿಕ್ಸ್‌ನ ದೊಡ್ಡ ಸಂಗ್ರಹಗಳಿವೆ. ಕಳಿಸುವ ಮೊದಲು ಪಟ್ಟಿ ಕಳಿಸಿ ಕೇಳಬೇಕು, ಅವರಲ್ಲಿ ಇಲ್ಲದ್ದು ಯಾವುದೆಂದು ಅವರೇ ತಾಳೆ ನೋಡಬೇಕಾಗುತ್ತದೆ. ಹಾಳೆಯ ಎರಡನೆಯ ನಕಲನ್ನು ಪೆಟ್ಟಿಗೆಯಿಂದ ದೂರ, ಮನೆಯ ಬೇರೆ ಮುಖ್ಯ ಕಾಗದಪತ್ರಗಳ ಜೊತೆ ಇಡಿ.